ಸಂಡಾಸಿನ ಟ್ಯಾಂಕಿ ಸೋರ್ತಾ ಉಂಟಾ? ಪಾನಾ (ಸ್ಪ್ಯಾನರ್) ಹಿಡಿಯುವ ಮೊದಲು ನೀರಿನ ದಾರಿ ಹಿಡಿಯಿರಿ

ಹೋದ ವರ್ಷ ಆಗಸ್ಟಿನಲ್ಲಿ ಕೆಳಗಿನ ಮನೆ ಕಾಕು ಬೆಲ್ ಹೊಡೆದು ನನ್ನನ್ನು ಕರ್ಕೊಂಡು ಹೋಗಿ ಅವರ ಬಾತ್‌ರೂಮಿನ ಸೀಲಿಂಗ್ ತೋರಿಸಿದ್ರು. ನಮ್ಮ ಕಮೋಡಿನ ಸರೀ ಕೆಳಗೆ ದೋಸೆ ಕಾವಲಿಯಷ್ಟು ದೊಡ್ಡ ಹಳದಿ ಕಲೆ, ಸುಣ್ಣ ಉಬ್ಬಿ ಬಂದಿತ್ತು, ಮಧ್ಯದಲ್ಲಿ ಒಂದು ಹನಿ ನೇತಾಡ್ತಾ ಇತ್ತು, ನಾವು ನೋಡ್ತಾ ಇದ್ದ ಹಾಗೇ ಅದು ಕೆಳಗಿಟ್ಟ ಬಕೆಟಿಗೆ ಬಿತ್ತು. ಮುಂಬೈಯ ಭಾಂಡುಪ್‌ನಲ್ಲಿ ನಮ್ಮದು ಏಳು ಮಾಳಿಗೆಯ ಹಳೆ ಸೊಸೈಟಿ, ನಾವು ನಾಲ್ಕರಲ್ಲಿ, ಅವರು ಮೂರರಲ್ಲಿ. ಮಳೆಗಾಲ ಆದ ಕಾರಣ ಮೊದಲು ಎಲ್ಲರೂ ಹೊರಗೋಡೆಯಿಂದ ಇಳೀತಾ ಉಂಟು ಅಂದ್ರು. ಆಮೇಲೆ ಬಂದ ಪ್ಲಂಬರ್ ಎರಡು ನಿಮಿಷ ನಿಂತು ನೋಡಿ, ಟೈಲ್ಸ್ ಎಲ್ಲ ಒಡೆದು ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡ್ಬೇಕು, ಹದಿನೈದು ದಿನ ಬಾತ್‌ರೂಮ್ ಬಂದ್ ಅಂತ ಹೇಳಿ ಹೋದ. ಮನೆಯಲ್ಲಿ ಇರುವುದು ಒಂದೇ ಸಂಡಾಸು, ವಯಸ್ಸಾದ ಅತ್ತೆ ಬೇರೆ ಇದ್ದಾರೆ.

ಆ ದಿನ ರಾತ್ರಿ ಊರಿಗೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ಮಾಟುಂಗಾದ ಒಂದು ಹೋಟೆಲಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಇದ್ದವರು, ಅಲ್ಲಿಯ ಪಂಪು, ನಳ, ಟಾಂಕಿ ಎಲ್ಲ ಅವರದೇ ಉಸ್ತುವಾರಿ, ಈಗ ಕುಂದಾಪುರದ ಹತ್ರ ತೋಟ ನೋಡ್ಕೊಂಡು ಇದ್ದಾರೆ. ಎಲ್ಲ ಕೇಳಿ ಆದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹನಿ ಯಾವಾಗ್ಲೂ ಬೀಳ್ತದಾ ಮಗಾ, ಫ್ಲಶ್ ಮಾಡಿದಾಗ ಮಾತ್ರ ಬೀಳ್ತದಾ?" ನಂಗೆ ಗೊತ್ತಿರಲಿಲ್ಲ. "ಅದನ್ನು ಮೊದಲು ನೋಡು. ನೀರಿನ ದಾರಿ ಗೊತ್ತಿಲ್ಲದೆ ಪಾನಾ ಹಿಡೀಬಾರ್ದು" ಅಂದ್ರು. ಮರುದಿನ ನೋಡಿದೆ, ಫ್ಲಶ್ ಮಾಡಿದಾಗ ಮಾತ್ರ. ಒಂದು ರಬ್ಬರ್ ವಾಷರ್ ಬದಲಿಸಿದ್ದು, ಟೈಲ್ಸ್ ಒಂದೂ ಒಡೆಯಲಿಲ್ಲ.

ಅಲ್ಲಿಂದ ಮೇಲೆ ನಮ್ಮ ಬಿಲ್ಡಿಂಗಿನ ಎಷ್ಟೋ ಟ್ಯಾಂಕಿಗಳನ್ನು ಬಿಚ್ಚಿ ಜೋಡಿಸಿ ಆಯ್ತು, ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೀತೇನೆ. ಉದ್ದ ಉಂಟು, ಆದ್ರೆ ಪರೀಕ್ಷೆ ಮಾಡುವ ಭಾಗವನ್ನು ಮಾತ್ರ ದಯವಿಟ್ಟು ಹಾರಿಸಬೇಡಿ, ಅದು ಸರಿಯಾದ್ರೆ ರಿಪೇರಿ ಅರ್ಧ ಗಂಟೆಯ ಕೆಲಸ.

ಎಷ್ಟು ನೀರು ಹೋಗ್ತದೆ ಅಂತ ಒಮ್ಮೆ ಲೆಕ್ಕ ಹಾಕಿ

ಸಪೂರ ಧಾರೆ ಅಂತ ಸುಮ್ನೆ ಬಿಡ್ತೇವೆ. ನಿಮಿಷಕ್ಕೆ ಒಂದು ಲೋಟ, ಅಂದ್ರೆ 200 ಮಿಲಿ ಹೋದ್ರೆ ದಿನಕ್ಕೆ 288 ಲೀಟರ್ ಆಗ್ತದೆ. ಕಟ್ಟಡ ಕಟ್ಟುವಾಗ ನೀರಿನ ಲೆಕ್ಕ ಹಾಕುವವರು ಒಬ್ಬರ ಫ್ಲಶ್ಶಿಗೆ ದಿನಕ್ಕೆ 45 ಲೀಟರ್ ಹಿಡೀತಾರೆ, ಅಂದ್ರೆ ಆರು ಜನರ ಫ್ಲಶ್ಶಿನ ನೀರು ಸದ್ದಿಲ್ಲದೆ ಗಟಾರಕ್ಕೆ. ಮುಂಬೈಗೆ ನೀರು ಬರುವುದು ಏಳು ಕೆರೆಗಳಿಂದ, ತುಳಸಿ ಮತ್ತು ವಿಹಾರ್ ಮಾತ್ರ ಊರೊಳಗೆ, ಉಳಿದ ಭಾತ್ಸಾ, ತಾನ್ಸಾ, ಮೋದಕ್ ಸಾಗರ್, ಎರಡು ವೈತರಣಾ ಎಲ್ಲ ದೂರ ದೂರ ಉಂಟು, ಅಷ್ಟು ದೂರದಿಂದ ಪೈಪಿನಲ್ಲಿ ಬಂದು ನಮ್ಮ ಭಾಂಡುಪ್ ಕಾಂಪ್ಲೆಕ್ಸಿನಲ್ಲಿ ಶುದ್ಧ ಆದ ಕುಡಿಯುವ ನೀರನ್ನೇ ಎಷ್ಟೋ ಮನೆಯಲ್ಲಿ ಫ್ಲಶ್ಶಿಗೂ ಬಳಸ್ತೇವೆ. 2024ರಲ್ಲಿ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ನೀರು ಕಡಿತ ಮಾಡಿದ್ದು ನೆನಪಿರಬಹುದು, ಆವಾಗ ನಾವು ಬಟ್ಟೆ ಒಗೆದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಸಂಡಾಸಿಗೆ ಹಾಕ್ತಾ ಇದ್ದೆವು. ಅದೇ ಹೊತ್ತಿಗೆ ಟ್ಯಾಂಕಿ ಒಳಗಿಂದ ಸೋರ್ತಾ ಇದ್ದಿರಲೂಬಹುದು ಅಂತ ಈಗ ಯೋಚನೆ ಮಾಡಿದ್ರೆ ಬೇಜಾರಾಗ್ತದೆ.

ನಿಮ್ಮದು ಯಾವ ಟ್ಯಾಂಕಿ

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ, ಯಾಕಂದ್ರೆ ಒಂದರ ಔಷಧ ಇನ್ನೊಂದಕ್ಕೆ ಆಗುವುದಿಲ್ಲ. ಹಳೆ ಚಾಳಿನಲ್ಲಿ ತಲೆಯ ಮೇಲೆ ಸರಪಳಿ ಎಳೆಯುವ ಬೀಡು ಕಬ್ಬಿಣದ ಟ್ಯಾಂಕಿ ಇನ್ನೂ ಅಲ್ಲಲ್ಲಿ ಉಂಟು, ಅದರೊಳಗೆ ಇರುವುದು ಸೈಫನ್, ಅಂದ್ರೆ ನೀರನ್ನು ಮೇಲೆ ಹತ್ತಿಸಿ ಕೆಳಗೆ ಇಳಿಸುವ ಬಾಗಿದ ಕೊಳವೆ. ಗೋಡೆಗೆ ನೇತು ಹಾಕಿದ ಪ್ಲಾಸ್ಟಿಕ್ ಟ್ಯಾಂಕಿ, ಕೆಳಗೆ ಬಿಳಿ ಪೈಪು ಬಾಗಿ ಕಮೋಡಿಗೆ ಹೋಗ್ತದೆ, ಮುಂಬೈಯ ಹಳೆ ಫ್ಲಾಟುಗಳಲ್ಲಿ ಜಾಸ್ತಿ ಇದೇ. ಇದರ ಬದಿಯಲ್ಲಿ ಹ್ಯಾಂಡಲ್ ಇದ್ರೆ ಒಳಗೆ ಹೆಚ್ಚಾಗಿ ಸೈಫನ್, ಮೇಲೆ ಒತ್ತುವ ಬಟನ್ ಇದ್ರೆ ಫ್ಲಶ್ ವಾಲ್ವ್. ಮೂರನೆಯದು ಕಮೋಡಿನ ಮೇಲೇ ಕೂತ ಸೆರಾಮಿಕ್ ಟ್ಯಾಂಕಿ. ನಾಲ್ಕನೆಯದು ಹೊಸ ಟವರುಗಳಲ್ಲಿ ಗೋಡೆಯೊಳಗೆ ಹೂತಿಟ್ಟ ಕನ್ಸೀಲ್ಡ್ ಟ್ಯಾಂಕಿ, ಹೊರಗೆ ಕಾಣುವುದು ಎರಡು ಬಟನಿನ ಪ್ಲೇಟ್ ಮಾತ್ರ.

ಯಾವುದೇ ಆಗಲಿ, ಒಳಗೆ ಕೆಲಸ ಎರಡೇ. ನೀರು ಒಳಗೆ ಬಿಟ್ಟು ಸರಿಯಾದ ಮಟ್ಟಕ್ಕೆ ನಿಲ್ಲಿಸುವ ಬಾಲ್ ಕಾಕ್ ಅಥವಾ ಇನ್ಲೆಟ್ ವಾಲ್ವ್ ಒಂದು, ಫ್ಲಶ್ ಮಾಡಿದಾಗ ಮಾತ್ರ ನೀರು ಕೆಳಗೆ ಬಿಡುವ ಬಾಗಿಲು ಇನ್ನೊಂದು. ಇವೆರಡರ ಜೊತೆ ನೀರು ಹೆಚ್ಚಾದ್ರೆ ಹೋಗಲಿಕ್ಕೆ ಓವರ್‌ಫ್ಲೋ ದಾರಿ.

ಮೊದಲು ನೀರು ಬಂದ್ ಮಾಡ್ಲಿಕ್ಕೆ ಆಗ್ತದಾ ನೋಡಿ

ಟ್ಯಾಂಕಿ ಪಕ್ಕದಲ್ಲಿ ಗೋಡೆಯಿಂದ ಹೊರಗೆ ಬಂದ ಸಣ್ಣ ನಳ, ಅದೇ ಆ್ಯಂಗಲ್ ಕಾಕ್. ಬಲಕ್ಕೆ ತಿರುಗಿಸಿದ್ರೆ ಬಂದ್ ಆಗ್ಬೇಕು. ವರ್ಷಗಟ್ಟಲೆ ಮುಟ್ಟದೆ ಇದ್ದದ್ದು ಜಾಮ್ ಆಗಿರ್ತದೆ, ಅದಕ್ಕೆ ಪಾನಾ ಹಾಕಿ ಬಲವಂತ ಮಾಡಿದ್ರೆ ಸ್ಪಿಂಡಲ್ ಮುರಿದು ಅಥವಾ ಗೋಡೆಯೊಳಗಿನ ಜಾಯಿಂಟೇ ಬಿಟ್ಟು ಮನೆಯೆಲ್ಲ ನೀರಾಗ್ತದೆ. ಕೈಯಲ್ಲಿ ತಿರುಗದಿದ್ರೆ ಅಲ್ಲೇ ನಿಲ್ಲಿಸಿ ವಾಚ್‌ಮನ್‌ಗೆ ಹೇಳಿ ಟೆರೇಸಿನಲ್ಲಿ ನಿಮ್ಮ ಲೈನಿನ ವಾಲ್ವ್ ಬಂದ್ ಮಾಡಿಸಿ, ಅದೇ ಲೈನಿನ ಉಳಿದ ಮನೆಗಳಿಗೂ ಮೊದಲೇ ಹೇಳಿ ಇಡಿ, ಯಾರೋ ಸೋಪು ಹಾಕ್ಕೊಂಡು ನಿಂತಿರ್ತಾರೆ. ಎಷ್ಟೋ ಸೊಸೈಟಿಯಲ್ಲಿ ಫ್ಲಶ್ಶಿಗೆ ಬೇರೆ ಟಾಂಕಿ, ಬೇರೆ ಲೈನು ಇರ್ತದೆ, ಯಾವ ವಾಲ್ವ್ ಅಂತ ಕೇಳಿಯೇ ಮುಟ್ಟಿ.

ಕೆಲಸಕ್ಕೆ ಶನಿವಾರ ಬೆಳಿಗ್ಗೆ ಕೂತ್ಕೊಳ್ಳಿ. ಭಾನುವಾರ ಸಂಜೆ ಬಿಚ್ಚಿ, ಸಾಮಾನು ಸಿಗದೆ, ರಾತ್ರಿಯೆಲ್ಲ ಬಕೆಟಿನಲ್ಲಿ ಕಳೆದವರನ್ನು ನೋಡಿದ್ದೇನೆ. ಒಂದು ಅಡ್ಜಸ್ಟ್ ಮಾಡುವ ಪಾನಾ, ಪಕ್ಕಡ್ (ಇಕ್ಕಳ), ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪು, ಹಳೆ ಟೂತ್‌ಬ್ರಷ್, ಟಾರ್ಚ್, ಸ್ಪಂಜು, ಪೆನ್ಸಿಲು, ಹಳೆ ಪೇಪರು, ಇಷ್ಟು ಸಾಕು. ಸೆರಾಮಿಕ್ ಮುಚ್ಚಳ ತೆಗೆದ್ರೆ ಗೋಡೆಗೆ ಒರಗಿಸಿ ಇಡಬೇಡಿ, ಸೀದಾ ಮಂಚದ ಮೇಲೆ ಇಟ್ಟು ಬನ್ನಿ. ಕಮೋಡಿನ ಸೀಟಿನ ಮೇಲೆ ಹತ್ತಿ ನಿಲ್ಲುವುದು ಬೇಡವೇ ಬೇಡ. ಮತ್ತೆ ಬಟನ್ ಇರುವ ಮುಚ್ಚಳ ಎತ್ತುವಾಗ ಬಟನಿಗೂ ಒಳಗಿನ ವಾಲ್ವಿಗೂ ದಾರವೋ ಕಡ್ಡಿಯೋ ಕಟ್ಟಿರ್ತದೆ, ಜಗ್ಗಬೇಡಿ.

ನೀರು ಎಲ್ಲಿಂದ ಹೋಗ್ತದೆ, ನಾಲ್ಕು ಪರೀಕ್ಷೆ

ಮುಚ್ಚಳ ತೆಗೆದು ಒಂದು ನಿಮಿಷ ಸುಮ್ನೆ ನೋಡಿ. ನೀರು ಓವರ್‌ಫ್ಲೋ ಪೈಪಿನ ಬಾಯಿಯವರೆಗೆ ಬಂದು ಅದರೊಳಗೆ ಇಳೀತಾ ಉಂಟಾ? ಹಾಗಿದ್ರೆ ತಪ್ಪು ಬಾಲ್ ಕಾಕಿನದ್ದು, ಬೇರೆ ಹುಡುಕುವುದು ಬೇಡ. ಹಳೆ ಪ್ಲಾಸ್ಟಿಕ್ ಟ್ಯಾಂಕಿಯಲ್ಲಿ ಓವರ್‌ಫ್ಲೋ ಬದಿಯ ತೂತಿನಿಂದ ಹೊರಗೆ ಬೀಳ್ತದೆ, ಅದು ಕಣ್ಣಿಗೇ ಕಾಣ್ತದೆ.

ಓವರ್‌ಫ್ಲೋ ಇಲ್ಲ ಅಂತಾದ್ರೆ ಪೆನ್ಸಿಲ್ ಗೆರೆ. ಟ್ಯಾಂಕಿ ತುಂಬಿದ ಮೇಲೆ ಆ್ಯಂಗಲ್ ಕಾಕ್ ಬಂದ್ ಮಾಡಿ, ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗೆರೆ ಎಳೆದು ಅರ್ಧ ಗಂಟೆ ಬಿಡಿ, ಯಾರೂ ಫ್ಲಶ್ ಮಾಡಬಾರದು, ಮಕ್ಕಳಿದ್ರೆ ಬಾಗಿಲಿಗೆ ಚಿಲಕ ಹಾಕಿ. ಗೆರೆಯಿಂದ ನೀರು ಇಳಿಯದಿದ್ರೆ ಟ್ಯಾಂಕಿಯ ತಳ, ಬಾಗಿಲು ಎರಡೂ ಗಟ್ಟಿ ಉಂಟು. ಇಳಿದಿದ್ರೆ ಎಷ್ಟು ಅಂತ ಅಳೆಯಿರಿ. ಒಳಗೆ 40 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ ಇರುವ ಟ್ಯಾಂಕಿಯಲ್ಲಿ ಒಂದು ಸೆಂಟಿಮೀಟರ್ ಇಳಿದ್ರೆ ಹತ್ತಿರ ಹತ್ತಿರ ಅರ್ಧ ಲೀಟರ್, ಅರ್ಧ ಗಂಟೆಗೆ ಅಷ್ಟು ಅಂದ್ರೆ ದಿನಕ್ಕೆ 23 ಲೀಟರ್. ಇನ್ನೊಂದು ಸೂಕ್ಷ್ಮ ಉಂಟು, ನೀರು ಇಳಿದು ಇಳಿದು ಯಾವುದೋ ಒಂದು ಎತ್ತರಕ್ಕೆ ಬಂದು ನಿಂತೇ ಬಿಟ್ರೆ ಆ ಎತ್ತರದಲ್ಲೇ ಬಿರುಕೋ ತೂತೋ ಉಂಟು ಅಂತ ಅರ್ಥ, ಅಲ್ಲಿಗೆ ಟಾರ್ಚ್ ಹಾಕಿ.

ಮೂರನೆಯದು ಬಣ್ಣ. ಅಂಗಡಿಯ ಫುಡ್ ಕಲರ್ ಆಗ್ತದೆ, ನಾನು ಒಂದು ಬೀಟ್ರೂಟ್ ತುರಿದು ಹಿಂಡಿ ಆ ರಸ ಟ್ಯಾಂಕಿಗೆ ಹಾಕ್ತೇನೆ. ಅರಿಶಿನ ಹಾಕಬೇಡಿ, ಪ್ಲಾಸ್ಟಿಕ್ಕಿಗೆ ಹಿಡಿದ ಹಳದಿ ಹೋಗುವುದೇ ಇಲ್ಲ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಕಮೋಡಿನ ಬೋಗುಣಿಯಲ್ಲಿ ನೋಡಿ. ಗುಲಾಬಿ ಬಣ್ಣ ಬಂದಿದ್ರೆ ಫ್ಲಶ್ ವಾಲ್ವಿನ ಬಾಗಿಲು ಸರಿಯಾಗಿ ಮುಚ್ತಾ ಇಲ್ಲ. ರಾತ್ರಿ ಯಾರೂ ಹೋಗದೆ ಇದ್ರೂ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಟ್ಯಾಂಕಿ ಸುರ್ ಅಂತ ತುಂಬುವ ಸದ್ದು ಬರುವುದಕ್ಕೂ ಇದೇ ಕಾರಣ. ನೋಡಿ ಆದ ಮೇಲೆ ಎರಡು ಸಲ ಫ್ಲಶ್ ಮಾಡಿಬಿಡಿ.

ನಾಲ್ಕನೆಯದು ಪೇಪರ್, ನಮ್ಮ ಮನೆ ಟೈಲ್ಸ್ ಉಳಿಸಿದ್ದು ಇದೇ. ಟ್ಯಾಂಕಿಯ ಹೊರಗೆ, ಕೆಳಗೆ, ಪೈಪು ಎಲ್ಲ ಬಟ್ಟೆಯಲ್ಲಿ ಒಣಗಿಸಿ. ಕೆಳಗೆ ನೆಲದ ಮೇಲೆ ಒಣ ಪೇಪರ್ ಹಾಸಿ ಹತ್ತು ನಿಮಿಷ ಮುಟ್ಟದೆ ಬಿಡಿ. ಪೇಪರ್ ಒದ್ದೆಯಾದ್ರೆ ಯಾವಾಗ್ಲೂ ನೀರು ಇರುವ ಜಾಗ ಸೋರ್ತದೆ, ಅಂದ್ರೆ ಆ್ಯಂಗಲ್ ಕಾಕ್, ಅಲ್ಲಿಂದ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪ್ ಅಥವಾ ಟ್ಯಾಂಕಿಯ ತಳ. ಒಣಗಿಯೇ ಇದ್ರೆ ಈಗ ಒಮ್ಮೆ ಫ್ಲಶ್ ಮಾಡಿ ನೋಡಿ. ಈಗ ಒದ್ದೆಯಾದ್ರೆ ಫ್ಲಶ್ ಮಾಡಿದಾಗ ಮಾತ್ರ ನೀರು ಹೋಗುವ ಜಾಗ, ಅಂದ್ರೆ ಟ್ಯಾಂಕಿಯಿಂದ ಕಮೋಡಿಗೆ ಹೋಗುವ ಪೈಪು ಮತ್ತು ಅದರ ಎರಡು ತುದಿಯ ರಬ್ಬರು. ನಮ್ಮಲ್ಲಿ ಮೊದಲ ಹತ್ತು ನಿಮಿಷ ಪೇಪರ್ ಗರಿಗರಿ ಇತ್ತು. ಫ್ಲಶ್ ಮಾಡಿದ ತಕ್ಷಣ ಪೈಪಿನ ಬೆನ್ನಿನಲ್ಲಿ ಒಂದು ಎಳೆ ನೀರು ಇಳಿದು, ಬಾಗಿದ ಕಡೆ ಗೋಡೆಗೆ ತಾಗಿ, ಟೈಲ್ಸಿನ ಮೇಲೇ ಅಂಟಿಕೊಂಡು ಹೋಗಿ ನೆಲದ ಮೂಲೆಯ ಬಿಳಿ ಸಿಮೆಂಟ್ ಕಿತ್ತು ಹೋದ ಸಂದಿಯೊಳಗೆ ಮಾಯ ಆಯ್ತು, ನೆಲದ ಮೇಲೆ ಒಂದು ಹನಿಯೂ ಬೀಳಲಿಲ್ಲ. ನಾನು ಟಾರ್ಚ್ ಹಿಡಿದು ಕೆಳಗೆ ಮಲಗಿದ ಹಾಗೆ ಬಗ್ಗದೆ ಇದ್ದಿದ್ರೆ ಅದು ಕಾಣ್ತಾನೇ ಇರಲಿಲ್ಲ.

ಒಂದು ಮಾತು, ಎಷ್ಟೋ ಬಾತ್‌ರೂಮಿನಲ್ಲಿ ಟ್ಯಾಂಕಿಗೂ ಜೆಟ್ ಸ್ಪ್ರೇಗೂ ಒಂದೇ ಟೂ-ವೇ ಕಾಕ್ ಇರ್ತದೆ. ಜೆಟ್ಟಿನ ಪೈಪ್ ಸೋರುವುದನ್ನು ಟ್ಯಾಂಕಿ ಸೋರುವುದು ಅಂತ ತಿಳ್ಕೊಂಡು ಟ್ಯಾಂಕಿ ಬದಲಿಸಿದವರಿದ್ದಾರೆ. ಪೇಪರ್ ಹಾಸುವಾಗ ಆ ಕಡೆಗೂ ಒಂದು ಹಾಸಿ.

ಬಾಲ್ ಕಾಕ್ ನಿಲ್ಲಿಸ್ತಾ ಇಲ್ಲ ಅಂತಾದ್ರೆ

ಉದ್ದ ಕಡ್ಡಿ, ತುದಿಯಲ್ಲಿ ಚೆಂಡು ಇರುವ ಹಳೆ ನಮೂನೆ ಆದ್ರೆ ಚೆಂಡನ್ನು ಕೈಯಿಂದ ಮೆಲ್ಲಗೆ ಮೇಲೆತ್ತಿ. ನೀರು ನಿಂತಿತಾ? ಹಾಗಾದ್ರೆ ವಾಷರ್ ಸರಿ ಉಂಟು, ಮಟ್ಟ ಮಾತ್ರ ತಗ್ಗಿಸಬೇಕು. ಹಿತ್ತಾಳೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಚೆಂಡು ಸ್ವಲ್ಪ ಕೆಳಗೆ ಬರುವ ಹಾಗೆ ಬಗ್ಗಿಸಿ, ಪ್ಲಾಸ್ಟಿಕ್ ಕಡ್ಡಿಗೆ ಸ್ಕ್ರೂ ಇರ್ತದೆ. ನೀರು ಓವರ್‌ಫ್ಲೋ ಬಾಯಿಯಿಂದ ಒಂದು ಇಂಚು ಕೆಳಗೆ ನಿಲ್ಲಬೇಕು. ಚೆಂಡನ್ನು ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿ, ತೆಂಗಿನಕಾಯಿ ನೋಡುವ ಹಾಗೆ, ಒಳಗೆ ನೀರಿನ ಸದ್ದು ಬಂದ್ರೆ ಅದು ತೂತು, ತೇಲುವುದಿಲ್ಲ, ಹೊಸ ಚೆಂಡೇ ಬೇಕು. ಮೇಲೆತ್ತಿದ್ರೂ ನೀರು ನಿಲ್ಲದಿದ್ರೆ ಒಳಗಿನ ವಾಷರ್ ಸವೆದಿದೆ. ಆ್ಯಂಗಲ್ ಕಾಕ್ ಬಂದ್ ಮಾಡಿ, ಸ್ಪ್ಲಿಟ್ ಪಿನ್ ಪಕ್ಕಡಿನಲ್ಲಿ ಎಳೆದು ಕಡ್ಡಿ ತೆಗೆದ್ರೆ ಸಣ್ಣ ಪಿಸ್ಟನ್ ಹೊರಗೆ ಬರ್ತದೆ, ಅದರ ಮೂತಿಯಲ್ಲಿ ನೀರು ಕೊರೆದು ಉಂಗುರದ ಗುರುತು ಬಿದ್ದ ವಾಷರ್ ಕಾಣ್ತದೆ. ಅದನ್ನು ತೋರಿಸಿಯೇ ಹೊಸದು ತನ್ನಿ.

ಈಗಿನ ನಮೂನೆ ಕೆಳಗಿನಿಂದ ನೀರು ಬಂದು, ನಿಂತ ಕಂಬದಲ್ಲೇ ಸಣ್ಣ ಲೋಟದಂಥ ಫ್ಲೋಟ್ ಮೇಲೆ ಕೆಳಗೆ ಹೋಗುವುದು. ಇದರ ದೊಡ್ಡ ಶತ್ರು ಕಸ. ಸೊಸೈಟಿ ಟಾಂಕಿ ತೊಳೆದ ಮರುದಿನ, ಅಥವಾ ನೀರು ಕಡಿತ ಮುಗಿದು ಮತ್ತೆ ಬಂದಾಗ, ಮರಳು ತುಕ್ಕು ಎಲ್ಲ ಪೈಪಿನಲ್ಲಿ ಬಂದು ಇದರ ರಬ್ಬರಿನಲ್ಲಿ ಕೂತ್ಕೊಳ್ತದೆ, ಒಂದು ಮರಳಿನ ಕಾಳು ಸಾಕು ನೀರು ನಿಲ್ಲದಿರಲಿಕ್ಕೆ. ನೀರು ಬಂದ್ ಮಾಡಿ ತಲೆಯ ಟೋಪಿ ತಿರುಗಿಸಿ ತೆಗೆದು, ರಬ್ಬರ್ ಹೊರಗೆ ತೆಗೆದು ತೊಳೆಯಿರಿ. ಆಮೇಲೆ ಆ ಬಾಯಿಯ ಮೇಲೆ ಒಂದು ಮಗ್ ಬೋರಲು ಹಾಕಿ ಗಟ್ಟಿ ಹಿಡಿದು ಇನ್ನೊಬ್ಬರ ಹತ್ರ ಆ್ಯಂಗಲ್ ಕಾಕನ್ನು ಎರಡು ಸೆಕೆಂಡ್ ತೆರೆಸಿ, ಒಳಗಿನ ಕಸ ನೀರಿನ ಜೊತೆ ಚಿಮ್ಮಿ ಹೊರಗೆ ಬರ್ತದೆ. ಮಗ್ ಹಿಡಿಯದಿದ್ರೆ ನೀರು ಸೀಲಿಂಗಿಗೆ ಹೋಗ್ತದೆ, ಹಾಗಾಗಿ ಗಟ್ಟಿ ಹಿಡೀರಿ. ಕನೆಕ್ಷನ್ ಪೈಪ್ ಸೇರುವ ಕಡೆ ಒಳಗೆ ಸಣ್ಣ ಜಾಲರಿ ಇದ್ರೆ ಅದನ್ನೂ ತೆಗೆದು ಬ್ರಷ್ ಹಾಕಿ, ಟ್ಯಾಂಕಿ ತುಂಬಲಿಕ್ಕೆ ಅರ್ಧ ಗಂಟೆ ಹಿಡೀತದೆ ಅನ್ನುವವರಿಗೂ ಇದೇ ಔಷಧ.

ಕೆಳಗಿನ ಮಾಳಿಗೆಯವರಿಗೆ ಒಂದು ವಿಷಯ. ಟೆರೇಸಿನ ಟಾಂಕಿಯಿಂದ ಪ್ರತಿ 10 ಮೀಟರ್ ಕೆಳಗೆ ಬಂದ ಹಾಗೆ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿಯಷ್ಟು ಏರ್ತದೆ, ಒಂದು ಮಾಳಿಗೆ 3 ಮೀಟರ್ ಅಂತ ಇಟ್ಕೊಳ್ಳಿ. ಆರನೇ ಮಾಳಿಗೆಯಲ್ಲಿ ಸುಖವಾಗಿ ಇದ್ದ ಬಾಲ್ ಕಾಕ್ ಒಂದನೇ ಮಾಳಿಗೆಯಲ್ಲಿ ಸೋಲ್ತದೆ, ಅದೂ ರಾತ್ರಿ, ಯಾರೂ ನೀರು ಬಳಸದೆ ಇರುವಾಗ. ಆ್ಯಂಗಲ್ ಕಾಕನ್ನು ಪೂರ್ತಿ ತೆರೆಯದೆ ಅರ್ಧ ತೆರೆದಿಟ್ರೆ ತುಂಬುವ ವೇಗ ಮತ್ತು ಸದ್ದು ಕಡಿಮೆ ಆಗ್ತದೆ, ಆದ್ರೆ ನೀರು ನಿಂತಾಗ ಒತ್ತಡ ಅಷ್ಟೇ ಇರ್ತದೆ, ಸೋರುವುದಕ್ಕೆ ಅದು ಪರಿಹಾರ ಅಲ್ಲ. ಹೈ ಪ್ರೆಶರಿಗೆ ಆಗುವ ವಾಲ್ವ್ ಕೇಳಿ ತಗೊಳ್ಳಿ.

ಬೀಟ್ರೂಟ್ ಬಣ್ಣ ಕೆಳಗೆ ಬಂದಿದ್ರೆ

ವಾಷರ್ ತರುವ ಮೊದಲು ಬಟನ್ ನೋಡಿ. ಎರಡು ಬಟನಿನ ಟ್ಯಾಂಕಿಯಲ್ಲಿ ಬಟನಿನ ಕೆಳಗಿನ ಕಡ್ಡಿಗಳನ್ನು ಉದ್ದ ಜಾಸ್ತಿ ಬಿಟ್ಟಿದ್ರೆ ಮುಚ್ಚಳ ಹಾಕಿದ ಕೂಡಲೇ ಅವು ವಾಲ್ವನ್ನು ಒತ್ತಿ ಹಿಡೀತವೆ, ಬಾಗಿಲು ಒಂದು ಕೂದಲೆಳೆ ತೆರೆದೇ ಇರ್ತದೆ. ಮುಚ್ಚಳ ತೆಗೆದಾಗ ಸೋರುವುದು ನಿಂತು, ಹಾಕಿದಾಗ ಶುರು ಆದ್ರೆ ಇದೇ ಸಮಸ್ಯೆ. ಕಡ್ಡಿಯನ್ನು ಎರಡು ಸುತ್ತು ತಿರುಗಿಸಿ ಗಿಡ್ಡ ಮಾಡಿ, ಬಟನ್ ಒತ್ತುವಾಗ ಸ್ವಲ್ಪ ಸಡಿಲ ಸಿಗ್ಬೇಕು. ನಮ್ಮ ಆರನೇ ಮಾಳಿಗೆಯ ಅಜ್ಜಿಯ ಮನೆಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟರಲ್ಲೇ ಸರಿಯಾಯ್ತು.

ಅದಲ್ಲ ಅಂದ್ರೆ ನೀರು ಬಂದ್ ಮಾಡಿ, ಫ್ಲಶ್ ಮಾಡಿ ಟ್ಯಾಂಕಿ ಖಾಲಿ ಮಾಡಿ, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೀರಿ. ನಡುವಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿದ್ರೆ ಹೆಚ್ಚಿನ ಕಂಪನಿಯದ್ದು ಬುಡದಿಂದ ಕಳಚಿ ಮೇಲೆ ಬರ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಮೂರ್ನಾಲ್ಕು ಫೋಟೋ ತೆಗೆದಿಡಿ. ಅಡಿಯಲ್ಲಿ ಬಳೆಯ ಹಾಗೆ ಒಂದು ರಬ್ಬರ್ ಸೀಲ್ ಇರ್ತದೆ, ಅದನ್ನು ಬೆರಳಿನಲ್ಲಿ ಉಜ್ಜಿ. ಬೆರಳಿಗೆ ಕಪ್ಪು ಹತ್ತಿದ್ರೆ ರಬ್ಬರ್ ಸತ್ತಿದೆ, ಬದಲಿಸಲೇಬೇಕು. ಕಪ್ಪು ಹತ್ತದೆ ಬರೀ ಲೋಳೆ, ಬಿಳಿ ಪುಡಿ ಇದ್ರೆ ತೊಳೆದು ಮತ್ತೆ ಹಾಕಿ ನೋಡಬಹುದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ಈ ಬಿಳಿ ಸುಣ್ಣದ ಪದರ ಬುಡದಲ್ಲೂ ಗಟ್ಟಿ ಕೂತಿರ್ತದೆ, ಚಾಕುವಿನಲ್ಲಿ ಕೆರೆಯಬೇಡಿ, ಗೀರು ಬಿದ್ರೆ ಹೊಸ ರಬ್ಬರೂ ಸೋರ್ತದೆ. ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್ ಪುಡಿ) ಬೆಚ್ಚಗಿನ ನೀರಿನಲ್ಲಿ ಕರಗಿಸಿ ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅಲ್ಲಿ ಇಟ್ಟು, ಆಮೇಲೆ ಬ್ರಷ್ಷಿನಲ್ಲಿ ಉಜ್ಜಿದ್ರೆ ಬಿಡ್ತದೆ. ಬಾಟಲಿಯ ಆ್ಯಸಿಡ್ ಟ್ಯಾಂಕಿಯೊಳಗೆ ಬೇಡ, ಅದರಲ್ಲೂ ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಅಂಗಡಿಗೆ ಹಳೆ ಸೀಲನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕ್ಕೊಂಡು ಹೋಗಿ. ಪ್ಯಾರಿವೇರ್, ಹಿಂದ್‌ವೇರ್, ಸೆರಾ, ಜಾಕ್ವಾರ್, ಒಬ್ಬೊಬ್ಬರ ಅಳತೆ ಒಂದೊಂದು, "ಎಲ್ಲದಕ್ಕೂ ಆಗ್ತದೆ" ಅಂತ ಕೊಟ್ಟದ್ದು ಒಂದು ಮಿಲಿಮೀಟರ್ ಆಚೆ ಈಚೆ ಆದ್ರೂ ಕೂರುವುದಿಲ್ಲ. ಟ್ಯಾಂಕಿಯೊಳಗೆ ಹಾಕುವ ಕ್ಲೋರಿನ್ ಮಾತ್ರೆಗಳನ್ನು ನಾನು ನಿಲ್ಲಿಸಿದ್ದೇನೆ, ರಬ್ಬರಿನ ಆಯುಷ್ಯ ತಿನ್ನುವುದು ಅವೇ, ನೀವೂ ಬಿಡುವುದು ಒಳ್ಳೆಯದು.

ಸೈಫನ್ ಇರುವ ಹಳೆ ಟ್ಯಾಂಕಿಯ ಕಥೆ ಬೇರೆ. ಸೈಫನ್ನಿನಲ್ಲಿ ನೀರು ಮೇಲೆ ಹತ್ತಿ ಬಾಗು ದಾಟಿ ಇಳಿಯಬೇಕು, ತಳದಲ್ಲಿ ತೆರೆದು ಮುಚ್ಚುವ ವಾಷರೇ ಇಲ್ಲ, ಹಾಗಾಗಿ ಬೋಗುಣಿಗೆ ನೀರು ಬರ್ತಾ ಇದ್ರೆ ಹೆಚ್ಚಾಗಿ ಮಟ್ಟ ಜಾಸ್ತಿಯಾಗಿ ಅದರ ಬೆನ್ನು ದಾಟ್ತಾ ಇರ್ತದೆ, ಚೆಂಡು ತಗ್ಗಿಸಿದ್ರೆ ಆಯ್ತು. ಮೂರು ನಾಲ್ಕು ಸಲ ಹ್ಯಾಂಡಲ್ ಎಳೆದ್ರೆ ಮಾತ್ರ ಫ್ಲಶ್ ಆಗುವುದಾದ್ರೆ ಒಳಗಿನ ಹಾಳೆಯಂಥ ವಾಷರ್ ಹರಿದಿದೆ, ಅದಕ್ಕೆ ಟ್ಯಾಂಕಿಯ ಕೆಳಗಿನ ದೊಡ್ಡ ನಟ್ ಬಿಚ್ಚಿ ಇಡೀ ಸೈಫನ್ ಹೊರಗೆ ತೆಗೀಬೇಕು.

ಹೊರಗೆ ಸೋರುವುದು

ಕನೆಕ್ಷನ್ ಪೈಪಿನ ಎರಡೂ ತುದಿಯಲ್ಲಿ ನಟ್ಟಿನೊಳಗೆ ರಬ್ಬರ್ ವಾಷರ್ ಇರ್ತದೆ, ನೀರು ತಡೆಯುವುದು ಅದೇ, ಅಲ್ಲಿ ಟೆಫ್ಲಾನ್ ಸುತ್ತಿ ಪ್ರಯೋಜನ ಇಲ್ಲ. ಟೆಫ್ಲಾನ್ ಬೇಕಾಗುವುದು ಆ್ಯಂಗಲ್ ಕಾಕ್ ಗೋಡೆಯೊಳಗೆ ಹೋಗುವ ಚೂಡಿಗೆ (ಥ್ರೆಡ್ಡಿಗೆ), ತುದಿಯನ್ನು ನಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಹತ್ತು ಹನ್ನೆರಡು ಸುತ್ತು. ಹಳೆ ಮಿಸ್ತ್ರಿಗಳು ಅದಕ್ಕೆ ಸೂತಳಿ ಸಫೇದಾ, ಅಂದ್ರೆ ನಾರಿನ ದಾರ ಮತ್ತು ಬಿಳಿ ಪೇಸ್ಟ್ ಹಾಕ್ತಾರೆ, ಕಬ್ಬಿಣದ ಪೈಪಿಗೆ ಅದೂ ಒಳ್ಳೆಯದೇ. ಟ್ಯಾಂಕಿಯ ತಳದ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಆಗುವಷ್ಟು ಬಿಗಿ ಮಾಡಿ ಆಮೇಲೆ ಪಾನಾದಲ್ಲಿ ಕಾಲು ಸುತ್ತು, ಅಷ್ಟೇ. ಬಿಗಿ ಮಾಡುವಾಗ ಇನ್ನೊಂದು ಕೈ ಟ್ಯಾಂಕಿಯೊಳಗೆ ವಾಲ್ವನ್ನು ಹಿಡಿದಿರಲಿ, ಇಲ್ಲದಿದ್ರೆ ಅದೂ ತಿರುಗಿ ಚೆಂಡು ಗೋಡೆಗೆ ತಾಗಿ ನಿಲ್ತದೆ.

ಕಮೋಡಿನ ಮೇಲೆ ಕೂತ ಟ್ಯಾಂಕಿಯಲ್ಲಿ ಎರಡು ಬೋಲ್ಟು, ನಡುವೆ ದಪ್ಪ ಸ್ಪಂಜಿನ ವಾಷರ್. ನಮ್ಮ ಸಮುದ್ರದ ಗಾಳಿಗೆ ಕಬ್ಬಿಣದ ಬೋಲ್ಟ್ ಬೇಗ ತುಕ್ಕು ಹಿಡೀತದೆ, ಬದಲಿಸುವಾಗ ಹಿತ್ತಾಳೆ ಅಥವಾ ಸ್ಟೀಲಿನದ್ದೇ ಹಾಕಿ. ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ, ಇದು ಸ್ವಲ್ಪ ಅದು ಸ್ವಲ್ಪ ಅಂತ ಬಿಗಿ ಮಾಡಿ, ಇಲ್ಲದಿದ್ರೆ ಸೆರಾಮಿಕ್ ಟಣ್ ಅಂತ ಬಿರುಕು ಬಿಡ್ತದೆ. ಬಿರುಕು ಬಿಟ್ಟ ಟ್ಯಾಂಕಿಗೆ ಎಂ-ಸೀಲ್ ಹಚ್ಚಿ ವರ್ಷ ಕಳೆಯುವ ಆಸೆ ಬೇಡ, ಅದು ಬದಲಿಸುವ ಕೇಸೇ.

ನಮ್ಮ ಮನೆಯದ್ದು ಬಾಗಿದ ಬಿಳಿ ಪೈಪಿನ ಮೇಲಿನ ತುದಿ. ದೊಡ್ಡ ಚೆಕ್ ನಟ್ ಬಿಚ್ಚಿ ಪೈಪ್ ಕೆಳಗೆ ಜಾರಿಸಿದಾಗ ಒಳಗಿನ ಕೋನ್ ವಾಷರ್ ಒಂದು ಕಡೆ ಪೂರಾ ಚಪ್ಪಟೆಯಾಗಿ, ಹಪ್ಪಳದ ಹಾಗೆ ಗಟ್ಟಿಯಾಗಿ ಬಿರಿದಿತ್ತು. ಪೈಪ್ ಸೊಟ್ಟ ಕೂತದ್ದೇ ಕಾರಣ, ಎಲ್ಲ ಭಾರ ಒಂದೇ ಬದಿಗೆ. ಹೊಸ ವಾಷರ್ ಹಾಕುವಾಗ ಸಪೂರ ಬದಿ ಟ್ಯಾಂಕಿಯ ಕಡೆಗೆ ಇರಲಿ, ಪೈಪ್ ನೆಟ್ಟಗೆ ಉಂಟಾ ಅಂತ ನೋಡಿ, ಮೊದಲು ಎಲ್ಲ ಸಡಿಲ ಸೇರಿಸಿ, ಕಮೋಡಿನ ಹಿಂದಿನ ರಬ್ಬರಿಗೆ ಸ್ವಲ್ಪ ಸಾಬೂನು ನೀರು ಹಚ್ಚಿ ಪೈಪ್ ಒಳಗೆ ತಳ್ಳಿ, ಕೊನೆಗೆ ನಟ್ ಬಿಗಿ ಮಾಡಿ. ಆಮೇಲೆ ನೆಲದ ಮೂಲೆಯ ಸಂದಿಗೆ ಗ್ರೌಟ್ ತುಂಬಿಸಿದೆ, ಅದು ಮೊದಲೇ ಗಟ್ಟಿ ಇದ್ದಿದ್ರೆ ನೀರು ಕಾಕುವಿನ ಮನೆಗೆ ಇಳಿಯದೆ ನಮ್ಮ ನೆಲದಲ್ಲೇ ಕಾಣ್ತಿತ್ತು.

ಕನ್ಸೀಲ್ಡ್ ಇರುವವರು ಗೋಡೆ ಒಡೆಯಲಿಕ್ಕೆ ಒಪ್ಪಬೇಡಿ. ಬಟನ್ ಪ್ಲೇಟ್ ಕಳಚಿದ್ರೆ ಅದರ ಹಿಂದೆಯೇ ಸಣ್ಣ ವಾಲ್ವ್, ಬಾಲ್ ಕಾಕ್, ಫ್ಲಶ್ ವಾಲ್ವ್ ಎಲ್ಲ ಆ ಕಿಟಕಿಯಿಂದಲೇ ಹೊರಗೆ ಬರುವ ಹಾಗೆ ಮಾಡಿರ್ತಾರೆ. ಸೀಲ್ ಬದಲಿಸುವುದು ಮನೆಯಲ್ಲೇ ಆಗ್ತದೆ, ಗೋಡೆಯೊಳಗೆ ಟ್ಯಾಂಕಿಯೇ ಬಿರಿದಿದ್ರೆ ಮಾತ್ರ ಕಂಪನಿಯ ಸರ್ವಿಸಿನವರನ್ನು ಕರೆಸಿ.

ಜೋಡಿಸಿದ ಮೇಲೆ

ಆ್ಯಂಗಲ್ ಕಾಕ್ ಮೆಲ್ಲಗೆ ತೆರೆಯಿರಿ. ತುಂಬಿದ ಮೇಲೆ ಪ್ರತಿ ಜಾಯಿಂಟಿಗೆ ಒಣ ಟಿಶ್ಯೂ ಒತ್ತಿ ನೋಡಿ, ಬೆರಳಿಗೆ ಗೊತ್ತಾಗದ ತೇವ ಟಿಶ್ಯೂವಿಗೆ ಗೊತ್ತಾಗ್ತದೆ. ಐದು ಸಲ ಫ್ಲಶ್ ಮಾಡಿ, ಪೇಪರ್ ಹಾಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮತ್ತೊಮ್ಮೆ ಪೆನ್ಸಿಲ್ ಗೆರೆ. ಒಂದು ವಾರ ಆದ ಮೇಲೆ ಇನ್ನೊಮ್ಮೆ ನೋಡಿ, ಹೊಸ ರಬ್ಬರ್ ಕೂತ ಮೇಲೆ ನಟ್ ಸ್ವಲ್ಪ ಸಡಿಲ ಆಗುವುದುಂಟು.

ಕೆಳಗಿನ ಮನೆಯವರ ಹತ್ರ ಜಗಳ ಮಾಡಬೇಡಿ. ನಮ್ಮ ಮಹಾರಾಷ್ಟ್ರದ ಸೊಸೈಟಿ ಬೈಲಾದಲ್ಲಿ ಟೆರೇಸ್ ಸೋರಿದ್ರೆ ಸೊಸೈಟಿ ಖರ್ಚು, ಮನೆಯೊಳಗಿನ ಸಂಡಾಸು, ಸಿಂಕ್ ಸೋರಿದ್ರೆ ಆ ಮನೆಯವರದೇ ಖರ್ಚು ಅಂತ ಉಂಟು, ಹಾಗಾಗಿ ನಮ್ಮದು ಅಂತ ಗೊತ್ತಾದ ದಿನವೇ ಒಪ್ಪಿಕೊಳ್ಳುವುದು ಒಳ್ಳೆಯದು. ರಿಪೇರಿ ಆದ ಕೂಡಲೇ ಅವರ ಸೀಲಿಂಗ್ ಒಣಗುವುದಿಲ್ಲ, ಸ್ಲ್ಯಾಬಿನೊಳಗೆ ಕುಡಿದ ನೀರು ಇನ್ನೂ ಕೆಲವು ದಿನ ಇಳೀತಾ ಇರ್ತದೆ, ಇದನ್ನು ಮೊದಲೇ ಹೇಳಿ. ನಾನು ಕಾಕುವಿನ ಸೀಲಿಂಗಿನಲ್ಲಿ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದು ಬಂದೆ. ಎರಡು ಮೂರು ದಿನಕ್ಕೊಮ್ಮೆ ಹೋಗಿ ನೋಡ್ತಾ ಇದ್ದೆ, ಕಲೆ ಗೆರೆ ದಾಟಲಿಲ್ಲ, ಗಣಪತಿ ಕೂರುವ ಹೊತ್ತಿಗೆ ಬಕೆಟ್ ತೆಗೆದ್ರು. ತೇವ ಪೂರ್ತಿ ಆರದೆ ಬಣ್ಣ ಹಚ್ಚಿದ್ರೆ ಮತ್ತೆ ಉಬ್ಬಿ ಬರ್ತದೆ ಅಂತ ದೀಪಾವಳಿಯವರೆಗೆ ಕಾದು, ಉಬ್ಬಿದ ಸುಣ್ಣ ಕೆರೆದು, ಪ್ರೈಮರ್ ಹಾಕಿ, ನಮ್ಮ ಖರ್ಚಿನಲ್ಲೇ ಬಣ್ಣ ಹಚ್ಚಿಸಿ ಕೊಟ್ಟೆವು.